ಗಂಟಲಲ್ಲೇ ಉಳಿದಿದ್ದ ಕೂಗು

ಹೋದ ಸಂಚಿಕೆಯಲ್ಲಿ ಒಬ್ಬ ಓದುಗರು ನನಗೆ ತುಂಬಾ ಇಷ್ಟವಾದ ಹೆವಿ ಮೆಟಲ್ (ಅಬ್ಬರದ ರಾಕ್ ಸಂಗೀತ) ಹಾಡು ಯಾವುದು ಎಂದು ಕೇಳಿದ್ದರು. ಬ್ರಿಟನ್ನಿನ ಐರನ್ ಮೇಡನ್ ಬ್ಯಾಂಡಿನ 'ಹ್ಯಾಲೋಡ್ ಬಿ ದೈ ನೇಮ್' ಎಂದು ಒಂದೇ ಸಾಲಿನಲ್ಲಿ ಉತ್ತರ ಬರೆದಿದ್ದೆ. ಆ ಒಂದು ಸಾಲಿಗೆ ಇಷ್ಟೊಂದು ಪತ್ರ ಬರುತ್ತವೆ ಎಂದುಕೊಂಡಿರಲಿಲ್ಲ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನು ಮುಂದಕ್ಕೆ ಹಾಕಿ ಈ ಹಾಡಿನ ಬಗ್ಗೆಯೇ ಮಾತಾಡೋಣ.

ಹಾಡು ಕೇಳದವರಿಗೆ ಅದರ ಕಥೆ ಇಷ್ಟು. ನೇಣಿಗೆ ಹೋಗಬೇಕಾದ ಕೈದಿಯೊಬ್ಬ ತಣ್ಣನೆಯ ಕೋಣೆಯಲ್ಲಿ ಕಾಯುತ್ತಿದ್ದಾನೆ. ಗಂಟೆ ಹೊಡೆಯಲು ಶುರುವಾಗುತ್ತದೆ. ಐದು ಗಂಟೆಗೆ ಅವನನ್ನು ಕರೆದುಕೊಂಡು ಹೋಗುತ್ತಾರೆ. ಪಾದ್ರಿ ಬಂದು ಕೊನೆಯ ಪ್ರಾರ್ಥನೆ ಓದುತ್ತಾನೆ. ಕೈದಿ ಕಂಬಿಯ ಸಂದಿಯಿಂದ ಕಡೆಯ ಸಲ ಹೊರಗೆ ನೋಡುತ್ತಾನೆ. ಕಾವಲಿನವರು ಅಂಗಳಕ್ಕೆ ನಡೆಸುತ್ತಾರೆ. ಏಳು ನಿಮಿಷದ ಹಾಡಿನಲ್ಲಿ ನಡೆಯುವುದು ಇಷ್ಟೇ. ಉಳಿದದ್ದೆಲ್ಲ ಅವನ ತಲೆಯೊಳಗೆ ನಡೆಯುತ್ತದೆ. ಕೊನೆಯಲ್ಲಿ ಹಾಡಿನ ಹೆಸರೇ ಒಂದು ಕೂಗಾಗಿ ಬರುತ್ತದೆ, 'ನಿನ್ನ ನಾಮ ಪರಿಶುದ್ಧವಾಗಲಿ' ಎನ್ನುವ ಕ್ರೈಸ್ತ ಪ್ರಾರ್ಥನೆಯ ಸಾಲು ಅದು.

ಪ್ರಶ್ನೆ: ಸರ್, ನನಗೆ ಹತ್ತೊಂಬತ್ತು ವರ್ಷ. ಎರಡು ವರ್ಷದಿಂದ ಈ ಹಾಡು ಕೇಳುತ್ತಿದ್ದೇನೆ, ಸಾಲುಗಳೆಲ್ಲ ಬಾಯಿಪಾಠ ಆಗಿವೆ. ನಮ್ಮ ಅಣ್ಣ ಮಾತ್ರ ಇದು ದೇವರನ್ನು ಅಣಕಿಸುವ ಹಾಡು ಎನ್ನುತ್ತಾನೆ. ಪ್ರಾರ್ಥನೆಯ ಸಾಲನ್ನು ಹಾಗೆ ಕಿರುಚುತ್ತಾರಾ, ಆಲ್ಬಂ ಹೆಸರು ನೋಡು ಸಾಕು ಎನ್ನುತ್ತಾನೆ. ನನಗೆ ಆ ಕೊನೆಯ ಕೂಗು ಬಂದಾಗಲೆಲ್ಲ ಕಣ್ಣು ತುಂಬುತ್ತದೆ. ಅಣಕ ಅಂತ ಒಂದು ಸಲವೂ ಅನ್ನಿಸಿಲ್ಲ. ಆದರೆ ಯಾಕೆ ಎಂದು ಅಣ್ಣನಿಗೆ ಹೇಳಲು ಬರುತ್ತಿಲ್ಲ. ನೀವು ಆ ಕೂಗನ್ನು ಹೇಗೆ ಅರ್ಥ ಮಾಡಿಕೊಂಡಿದ್ದೀರಿ?

ಉತ್ತರ: ನಿಮ್ಮ ಅಣ್ಣನಿಗೆ ಬಂದ ಸಂಶಯ ತುಂಬಾ ಹಳೆಯದು. 'ದಿ ನಂಬರ್ ಆಫ್ ದಿ ಬೀಸ್ಟ್' (ಮೃಗದ ಸಂಖ್ಯೆ, ಅಂದರೆ ಬೈಬಲ್ಲಿನ 666, ಸೈತಾನನ ಗುರುತು ಎಂದು ಹಲವರು ನಂಬುವ ಅಂಕೆ) ಆಲ್ಬಂ 1982ರಲ್ಲಿ ಬಂದಾಗ ಅಮೆರಿಕದಲ್ಲಿ ಕೆಲವು ಧಾರ್ಮಿಕ ಗುಂಪುಗಳು ಅದರ ರೆಕಾರ್ಡುಗಳನ್ನು ರಾಶಿ ಹಾಕಿ ಸುಟ್ಟವು. ನಮ್ಮ ಹಾಡು ಅದೇ ಆಲ್ಬಂನ ಕೊನೆಯ ಹಾಡು. ಬರೆದವರು ಬ್ಯಾಂಡಿನ ಬೇಸ್ ಗಿಟಾರ್ ವಾದಕ ಸ್ಟೀವ್ ಹ್ಯಾರಿಸ್. ಹಾಡಿದವರು ಬ್ರೂಸ್ ಡಿಕಿನ್ಸನ್, ಐರನ್ ಮೇಡನ್ ಜೊತೆ ಅವರ ಮೊದಲ ಆಲ್ಬಂ ಅದು. ಇಡೀ ಹಾಡು ಹುಡುಕಿ, ಸೈತಾನ ಎಲ್ಲೂ ಸಿಗುವುದಿಲ್ಲ. ಆಲ್ಬಂ ಬಂದ ವರ್ಷದ ಕೊನೆಯಲ್ಲಿ ಬ್ಯಾಂಡ್ ಸೇರಿದ ಡ್ರಮ್ಮರ್ ನಿಕೊ ಮೆಕ್‌ಬ್ರೇನ್ 1999ರಲ್ಲಿ ಕ್ರಿಸ್ತನ ಕಡೆ ಪೂರ್ತಿಯಾಗಿ ತಿರುಗಿದರು. ಆಮೇಲೂ ವರ್ಷಗಟ್ಟಲೆ ಇದೇ ಹಾಡಿಗೆ ವೇದಿಕೆಯ ಮೇಲೆ ಡ್ರಮ್ಸ್ ನುಡಿಸಿದರು. ಅಣ್ಣನ ಹತ್ತಿರ ಮಾತು ಶುರು ಮಾಡಲು ಇಷ್ಟು ಸಾಕು. ಆದರೆ ನೀವು ಕೇಳಿದ್ದು ಇದನ್ನಲ್ಲ, ಆ ಕೂಗನ್ನು.

ಹಾಡಿನ ನಡುವೆ ಒಂದು ಜಾಗ ಇದೆ. ಇದೆಲ್ಲ ಕನಸು ಅಂತ ಯಾರಾದರೂ ಹೇಳಿ ಎಂದು ಅವನು ಬೇಡಿಕೊಳ್ಳುತ್ತಾನೆ. ಕಿರುಚದೆ ತಡೆದುಕೊಳ್ಳುವುದು ಕಷ್ಟ ಎನ್ನುತ್ತಾನೆ. ಅದರ ಬೆನ್ನಿಗೇ, ಮಾತಾಡಲು ಹೋದರೆ ಮಾತು ಸಿಗುತ್ತಿಲ್ಲ ಎನ್ನುತ್ತಾನೆ. ಎಷ್ಟೋ ವರ್ಷ ನಾನು ಆ ಜಾಗವನ್ನು ಸುಮ್ನೆ ದಾಟಿಕೊಂಡು ಹೋಗಿದ್ದೆ, ಯಾಕೆಂದರೆ ಅದರ ಹಿಂದೆ ಮುಂದೆ ಗಿಟಾರ್ ಅಷ್ಟು ಚೆನ್ನಾಗಿದೆ. ಈಗ ನನಗೆ ಇಡೀ ಹಾಡು ನಿಂತಿರುವುದೇ ಆ ಎರಡು ಸಾಲಿನ ಮೇಲೆ ಅನ್ನಿಸುತ್ತದೆ. ಒಂದು, ಅವನ ಗಂಟಲಲ್ಲಿ ಒಂದು ಕೂಗು ಇದೆ, ಅದನ್ನು ಅವನು ಅದುಮಿಟ್ಟುಕೊಂಡಿದ್ದಾನೆ. ಎರಡು, ಅವನ ಹತ್ತಿರ ತನ್ನದೇ ಆದ ಮಾತು ಖಾಲಿಯಾಗಿದೆ.

ಇವೆರಡನ್ನೂ ನೆನಪಿಟ್ಟುಕೊಂಡು ಕೊನೆಗೆ ಬನ್ನಿ. ಕಡೆಯ ಚರಣ ಮುಗಿದ ಮೇಲೆ ನಿಮಿಷಗಟ್ಟಲೆ ಹಾಡುಗಾರ ಬಾಯಿ ಬಿಡುವುದಿಲ್ಲ. ವೇಗ ಏರುತ್ತದೆ, ಡೇವ್ ಮರ್ರೆ ಮತ್ತು ಏಡ್ರಿಯನ್ ಸ್ಮಿತ್ ಇಬ್ಬರ ಗಿಟಾರುಗಳೇ ಎಲ್ಲ ಹೇಳುತ್ತವೆ. ಕಥೆಯ ಪ್ರಕಾರ ಅವನು ಅಷ್ಟು ಹೊತ್ತಿಗೆ ಹಗ್ಗದ ಹತ್ತಿರ ಬಂದಿರಬೇಕು, ಅಲ್ವಾ? ಆಗ ಒಮ್ಮೆಲೇ ಆ ಧ್ವನಿ ವಾಪಸ್ ಬರುತ್ತದೆ. ಕೂಗು ಹೊರಗೆ ಬಂತು. ಅಷ್ಟು ಹೊತ್ತು ತಡೆದಿಟ್ಟುಕೊಂಡಿದ್ದ ಅದೇ ಕೂಗು. ಆದರೆ ಬರೀ ಕಿರುಚಾಟವಾಗಿ ಬರಲಿಲ್ಲ, ಅದಕ್ಕೆ ಮಾತು ಸಿಕ್ಕಿತ್ತು. ಸ್ವಂತ ಮಾತು ಅವನಲ್ಲಿ ಇರಲಿಲ್ಲ. ಸಿಕ್ಕಿದ್ದು ಚಿಕ್ಕಂದಿನಿಂದ ಕೇಳಿಕೊಂಡು ಬಂದ, ಸ್ವಲ್ಪ ಹೊತ್ತಿನ ಮುಂಚೆ ಪಾದ್ರಿಯ ಬಾಯಲ್ಲೂ ಬಂದಿರಬಹುದಾದ ಒಂದು ಹಳೆಯ ಸಾಲು. ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡ.

ಅದಕ್ಕೇ ನನಗೆ ಅದು ಅಣಕವಾಗಿ ಕೇಳಿಸುವುದಿಲ್ಲ. ಹಾಗಂತ ಅದು ಭಕ್ತಿ ಎಂದು ಅಣ್ಣನ ಮುಂದೆ ವಾದ ಮಾಡಲು ಹೋಗಬೇಡಿ. ಯಾಕೆಂದರೆ ಆ ಪ್ರಾರ್ಥನೆಯನ್ನು ಅವನು ಪೂರ್ತಿ ಹೇಳುವುದಿಲ್ಲ. ಅದು ಯೇಸು ಕಲಿಸಿದ ಪ್ರಾರ್ಥನೆ. 'ಪರಲೋಕದಲ್ಲಿರುವ ನಮ್ಮ ತಂದೆಯೇ' ಎಂದು ಶುರುವಾಗುತ್ತದೆ, 'ನಿನ್ನ ನಾಮವು ಪರಿಶುದ್ಧವೆಂದು ಎಣಿಸಲ್ಪಡಲಿ' ಎಂದು ಮುಂದುವರಿಯುತ್ತದೆ, ಆಮೇಲೆ ನಿನ್ನ ರಾಜ್ಯ ಬರಲಿ, ನಿನ್ನ ಚಿತ್ತ ನೆರವೇರಲಿ ಎಂದು ಬರುತ್ತದೆ. ನಮ್ಮ ಕೈದಿ 'ತಂದೆಯೇ' ಎಂದು ಕರೆಯುವುದೂ ಇಲ್ಲ, 'ನಿನ್ನ ಚಿತ್ತ ನೆರವೇರಲಿ' ಎನ್ನುವ ತನಕ ಹೋಗುವುದೂ ಇಲ್ಲ. ನಡುವಿನ ಒಂದೇ ಸಾಲು, ಅದನ್ನೇ ಮತ್ತೊಮ್ಮೆ, ಅಲ್ಲಿಗೆ ಮುಗಿಯಿತು. ಹಗ್ಗ ತುಂಡು ಮಾಡಿತೋ, ಅಥವಾ 'ನಿನ್ನ ಇಷ್ಟದಂತೆ ಆಗಲಿ' ಎನ್ನಲು ಅವನಿಗೇ ಮನಸ್ಸು ಬರಲಿಲ್ಲವೋ? ನನ್ನ ಮನಸ್ಸು ಎರಡನೆಯದರ ಕಡೆಗೆ ವಾಲುತ್ತದೆ. ಹೆಸರನ್ನು ಕೂಗಬಲ್ಲ, ತನ್ನ ಸಾವಿಗೆ ಒಪ್ಪಿಗೆ ಕೊಡಲಾರ.

ಇನ್ನೂ ಒಂದು ವಿಷಯ. ಅಂಗಳಕ್ಕೆ ನಡೆಯುವಾಗ ಯಾವುದೋ ಕೋಣೆಯಿಂದ ಇನ್ನೊಬ್ಬ ಕೈದಿ 'ದೇವರು ನಿನ್ನ ಜೊತೆ ಇರಲಿ' ಎಂದು ಕೂಗಿ ಹೇಳುತ್ತಾನೆ. ದೇವರು ಇದ್ದಿದ್ದರೆ ನನ್ನನ್ನು ಯಾಕೆ ಕೈಬಿಟ್ಟ ಎಂದು ಇವನಿಗೆ ಅನ್ನಿಸುತ್ತದೆ. ಇದನ್ನು ದೇವನಿಂದೆ ಅನ್ನುವವರು ಇದ್ದಾರೆ. ಆದರೆ ಶಿಲುಬೆಯ ಮೇಲೆ ಯೇಸು ಕೇಳಿದ್ದೂ ಹೆಚ್ಚುಕಡಿಮೆ ಇದೇ ಪ್ರಶ್ನೆ, ಯಾಕೆ ನನ್ನ ಕೈಬಿಟ್ಟಿದ್ದೀ ಎಂದು. ಅವನೂ ಮರಣದಂಡನೆಗೆ ಗುರಿಯಾದವನೇ. ಅವನ ಬಾಯಲ್ಲೂ ಅದು ಸ್ವಂತ ಮಾತಾಗಿರಲಿಲ್ಲ, ಬೈಬಲ್ಲಿನ ಹಳೆಯ ಕೀರ್ತನೆಯೊಂದರ ಮೊದಲ ಸಾಲು. ಇದನ್ನು ಅಣ್ಣನಿಗೆ ಹೇಳಿ ನೋಡಿ. ದೇವರನ್ನು ಬೈದು ಹಾಡುವ ನಿಂದಾಸ್ತುತಿ ನಮ್ಮ ಭಾಷೆಯಲ್ಲೇ ಎಷ್ಟು ಇದೆ, ಬೈದವರನ್ನು ನಾವು ನಾಸ್ತಿಕರು ಅಂದುಕೊಂಡಿಲ್ಲವಲ್ಲ.

ಪ್ರಶ್ನೆ: ಅವನು ತಪ್ಪು ಮಾಡಿದ್ದನಾ, ಇಲ್ಲವಾ? ನಮ್ಮ ಗೆಳೆಯರ ಗುಂಪಿನಲ್ಲಿ ಇದೇ ಜಗಳ. ಜೊತೆಗೆ ಇನ್ನೊಂದು: ಗಂಟೆ, ಪಾದ್ರಿ, ಐದು ಗಂಟೆಯ ನೇಣು, ಇವೆಲ್ಲ ನಿಜವಾಗಿ ಇದ್ದವಾ?

ಉತ್ತರ: ಅವನು ಏನು ಮಾಡಿದ ಎನ್ನುವುದು ಹಾಡಿನಲ್ಲಿ ಇಲ್ಲ. ಒಂದು ಅಕ್ಷರವೂ ಇಲ್ಲ. ಎಲ್ಲೋ ಏನೋ ತಪ್ಪಾಗಿರಬಹುದಾ ಎಂದು ಒಂದು ಸಲ ಕೇಳಿಕೊಳ್ಳುತ್ತಾನೆ. ಅದನ್ನು ಹಿಡಿದುಕೊಂಡು ನಿಮ್ಮಲ್ಲಿ ಅರ್ಧ ಜನ ಅವನು ನಿರಪರಾಧಿ ಎನ್ನುತ್ತಿರಬೇಕು. ನನಗೆ ಹಾಗೆ ಕೇಳುವುದಿಲ್ಲ. ಆಸ್ಪತ್ರೆಯಲ್ಲಿ ಕೆಟ್ಟ ಸುದ್ದಿ ಹೇಳಿದರೂ ಮೊದಲು ಬಾಯಿಗೆ ಬರುವುದು ಅದೇ ಪ್ರಶ್ನೆ, ರಿಪೋರ್ಟ್ ಬೇರೆಯವರದ್ದು ಇರಬಹುದಾ ಅಂತ. ಅದು ಭಯದ ಮಾತು, ಸಾಕ್ಷಿ ಅಲ್ಲ. ಹ್ಯಾರಿಸ್ ಅಪರಾಧವನ್ನು ಹೇಳದೆ ಬಿಟ್ಟಿದ್ದು ಈ ಹಾಡಿನ ದೊಡ್ಡ ಗುಣ ಎಂದು ನಾನು ತಿಳಿದಿದ್ದೇನೆ. ಕೊಲೆ ಮಾಡಿದವನು ಎಂದು ಗೊತ್ತಾದರೆ ನಾವು ದೂರ ನಿಂತು ನೋಡುತ್ತೇವೆ. ಮಾಡಿಲ್ಲ ಎಂದು ಗೊತ್ತಾದರೆ ಕೋರ್ಟಿನ ಮೇಲೆ ಸಿಟ್ಟು ಮಾಡಿಕೊಂಡು ಆ ಸಿಟ್ಟಿನಲ್ಲೇ ಅವನನ್ನು ಮರೆಯುತ್ತೇವೆ. ಎರಡೂ ಗೊತ್ತಿಲ್ಲದೆ ಇರುವುದರಿಂದ ಅವನ ಪಕ್ಕದಲ್ಲೇ ಕೂತು ಆ ಏಳು ನಿಮಿಷ ಕಳೆಯಬೇಕಾಗುತ್ತದೆ.

ಅಂಥ ತಪ್ಪುಗಳು ಬ್ರಿಟನ್ನಿನಲ್ಲಿ ಆಗಿದ್ದಂತೂ ನಿಜ. ತಿಮೋತಿ ಎವಾನ್ಸ್ ಎಂಬಾತನನ್ನು 1950ರಲ್ಲಿ ತನ್ನದೇ ಮಗುವನ್ನು ಕೊಂದನೆಂದು ಲಂಡನ್ನಿನ ಪೆಂಟನ್‌ವಿಲ್ ಜೈಲಿನಲ್ಲಿ ನೇಣಿಗೆ ಹಾಕಿದರು. ಮೂರು ವರ್ಷದ ನಂತರ, ಅದೇ ಮನೆಯಲ್ಲಿ ಕೆಳಗೆ ವಾಸವಿದ್ದ ಜಾನ್ ಕ್ರಿಸ್ಟಿ ಹಲವು ಹೆಂಗಸರನ್ನು ಕೊಂದವನು ಎಂದು ಹೊರಬಿತ್ತು. ಎವಾನ್ಸ್‌ಗೆ 1966ರಲ್ಲಿ ಕ್ಷಮಾದಾನ ಕೊಟ್ಟರು. ಸತ್ತು ಹದಿನಾರು ವರ್ಷ ಆದ ಮೇಲೆ. ಬ್ರಿಟನ್ನಿನಲ್ಲಿ ಕೊನೆಯ ನೇಣು ನಡೆದದ್ದು 1964ರ ಆಗಸ್ಟ್ 13ರಂದು, ಎರಡು ಜೈಲುಗಳಲ್ಲಿ ಇಬ್ಬರಿಗೆ. ಮರುವರ್ಷ ಕೊಲೆಗೆ ಗಲ್ಲು ಶಿಕ್ಷೆಯನ್ನು ತಡೆಹಿಡಿದರು, 1969ರಲ್ಲಿ ಆ ತಡೆಯನ್ನೇ ಕಾಯಂ ಮಾಡಿದರು. ಹಾಗಾಗಿ ಹ್ಯಾರಿಸ್ ಈ ಹಾಡು ಬರೆಯುವಾಗ ಅವರ ದೇಶದಲ್ಲಿ ನೇಣು ನಿಂತು ಹದಿನೇಳು ವರ್ಷಕ್ಕೂ ಜಾಸ್ತಿ ಆಗಿತ್ತು. ಕೊನೆಯ ನೇಣಿನ ಹೊತ್ತಿಗೆ ಅವರಿಗೆ ಎಂಟು ವರ್ಷ.

ಗಂಟೆ ನಿಜ. ಲಂಡನ್ನಿನಲ್ಲಿ ಹಿಂದೆ ನ್ಯೂಗೇಟ್ ಜೈಲು ಇದ್ದ ಜಾಗದ ಹತ್ತಿರ ಸೇಂಟ್ ಸೆಪಲ್ಕರ್ ಎಂಬ ಚರ್ಚ್ ಇದೆ. ನೇಣಿನ ಹಿಂದಿನ ರಾತ್ರಿ ಅಲ್ಲಿಂದ ಒಬ್ಬ ಬಂದು ಕೈದಿಯ ಕೋಣೆಯ ಹೊರಗೆ ಕೈಗಂಟೆ ಬಾರಿಸಿ, ಪಶ್ಚಾತ್ತಾಪ ಪಡು ಎನ್ನುವ ಪದ್ಯ ಹೇಳುತ್ತಿದ್ದ. ಆ ಕೈಗಂಟೆ ಈಗಲೂ ಆ ಚರ್ಚಿನಲ್ಲಿ ಗಾಜಿನ ಪೆಟ್ಟಿಗೆಯಲ್ಲಿದೆ. ಜನರ ಮುಂದೆ ನೇಣು ಹಾಕುವುದು ಅಲ್ಲಿ 1868ರಲ್ಲಿ ನಿಂತಿತು. ಐದು ಗಂಟೆ ಮಾತ್ರ ಹೊಂದುವುದಿಲ್ಲ. ಇಪ್ಪತ್ತನೇ ಶತಮಾನದಲ್ಲಿ ಸಾಮಾನ್ಯವಾಗಿ ಬೆಳಗಿನ ಎಂಟು ಅಥವಾ ಒಂಬತ್ತಕ್ಕೆ ಗಲ್ಲಿಗೆ ಹಾಕುತ್ತಿದ್ದರು. ಹಾಡಿನಲ್ಲಿ ಅದು ಬೆಳಗಿನ ಐದೋ ಸಂಜೆಯ ಐದೋ ಎಂದೂ ಇಲ್ಲ.

ಆ ಉದ್ದದ ನಡಿಗೆಯೂ ಹಳೆಯ ಕಾಲದ್ದೇ. ಬ್ರಿಟನ್ನಿನ ಕೊನೆಕೊನೆಯ ವರ್ಷಗಳಲ್ಲಿ ಗಲ್ಲಿನ ಕೋಣೆ ಕೈದಿಯ ಕೋಣೆಗೆ ಅಂಟಿಕೊಂಡೇ ಇರುತ್ತಿತ್ತು. ನಡುವಿನ ಬಾಗಿಲು ಕಾಣದ ಹಾಗೆ ಒಂದು ಬೀರು ಇಟ್ಟಿರುತ್ತಿದ್ದರು. ಹೊತ್ತಾದಾಗ ಬೀರು ಸರಿಸುತ್ತಿದ್ದರು, ನಾಲ್ಕು ಹೆಜ್ಜೆ, ಎಷ್ಟೋ ಸಲ ಅರ್ಧ ನಿಮಿಷದೊಳಗೆ ಎಲ್ಲ ಮುಗಿದುಹೋಗುತ್ತಿತ್ತು. ಕೈದಿಗೆ ಹಿಂಸೆ ಆಗಬಾರದು ಎಂದು ಹಾಗೆ ಮಾಡುತ್ತಿದ್ದರು. ಇದನ್ನು ಓದಿದ ಮೇಲೆ ನನಗೆ ಹಾಡಿನ ಉದ್ದವೇ ಬೇರೆ ರೀತಿ ಕಾಣತೊಡಗಿತು. ಅವನಿಗೆ ಮಾತು ಸಿಗುವುದಕ್ಕೆ ಏಳು ನಿಮಿಷ ಬೇಕಾಯಿತು. ಅರ್ಧ ನಿಮಿಷದಲ್ಲಿ ಯಾರಿಗೆ ಮಾತು ಸಿಗುತ್ತದೆ?

ಪ್ರಶ್ನೆ: ಸಾಯಲು ಹೆದರಿಕೆ ಇಲ್ಲ ಎನ್ನುತ್ತಾನೆ, ಆದರೆ ಅಳುತ್ತಾನೆ. ದೇವರನ್ನು ಪ್ರಶ್ನಿಸುತ್ತಾನೆ, ಆಮೇಲೆ ಆತ್ಮಕ್ಕೆ ಸಾವಿಲ್ಲ ಎನ್ನುತ್ತಾನೆ, ಬದುಕು ಒಂದು ಭ್ರಮೆ ಎನ್ನುತ್ತಾನೆ. ಯಾವುದು ಅವನ ನಿಜವಾದ ನಂಬಿಕೆ?

ಉತ್ತರ: ಬೆಳಗಿನಿಂದ ಸಂಜೆವರೆಗೆ ನಾವೇ ಎಷ್ಟು ಸಲ ಬದಲಾಗುತ್ತೇವೆ, ಅವನಿಗೆ ಇರುವುದು ಕೆಲವೇ ನಿಮಿಷ. ಎಲ್ಲವೂ ನಿಜ ಎಂದು ಹೇಳಿ ಮುಗಿಸಬಹುದಿತ್ತು. ಆದರೆ ನಿಮ್ಮ ಪ್ರಶ್ನೆ ಸರಿಯಾದ ಜಾಗಕ್ಕೇ ಬೆರಳಿಟ್ಟಿದೆ. ಕೊನೆಯ ಚರಣದಲ್ಲಿ ನಿಜವಾಗಿಯೂ ಏನೋ ಬದಲಾಗುತ್ತದೆ.

ಅಲ್ಲಿಯವರೆಗೆ ಅವನ ಮಾತಿನಲ್ಲಿ ಪ್ರಶ್ನೆಗಳೇ ಹೆಚ್ಚು. ಇದು ತಪ್ಪಾ, ಇದು ಕನಸಾ, ನಾನು ಯಾಕೆ ಅಳುತ್ತಿದ್ದೇನೆ, ದೇವರು ಯಾಕೆ ಬಿಟ್ಟ. ಕೊನೆಯ ಚರಣದಲ್ಲಿ ಒಂದು ಪ್ರಶ್ನೆಯೂ ಇಲ್ಲ. ನನ್ನ ಮಾತು ನಂಬಿ, ನನ್ನ ಆತ್ಮ ಉಳಿಯುತ್ತದೆ, ನಾನು ಹೋದೆನೆಂದು ಚಿಂತೆ ಮಾಡಬೇಡಿ, ನಿಮ್ಮ ಹೊತ್ತು ಹತ್ತಿರ ಬಂದಾಗ ನಿಮಗೂ ಅರ್ಥವಾಗಬಹುದು ಎನ್ನುತ್ತಾನೆ. ತನ್ನೊಳಗೆ ಮಾತಾಡಿಕೊಳ್ಳುತ್ತಿದ್ದವನು ಈಗ ನಮ್ಮ ಕಡೆ ತಿರುಗಿದ್ದಾನೆ. 'ಆ ಕೆಳಗಿನ ಬದುಕು' ಎನ್ನುತ್ತಾನೆ, ಆಗಲೇ ಮೇಲಿನಿಂದ ನೋಡುತ್ತಿರುವವನ ಹಾಗೆ. ಇನ್ನೂ ನೇಣು ಆಗಿಲ್ಲ, ಮಾತು ಮಾತ್ರ ಮುಂದಕ್ಕೆ ಹೋಗಿಬಿಟ್ಟಿದೆ.

ಹೀಗೆ ಧ್ವನಿ ಬದಲಾಗಲು ಒಂದು ಹೊರಗಿನ ಕಾರಣವೂ ಇದೆ. ಆ ಚರಣದ ಸಾಲುಗಳು ಹ್ಯಾರಿಸ್ ಹೊಸದಾಗಿ ಬರೆದವಲ್ಲ. ಬೆಕೆಟ್ ಎಂಬ ಬ್ರಿಟಿಷ್ ಬ್ಯಾಂಡಿನ 1974ರ 'ಲೈಫ್ಸ್ ಶ್ಯಾಡೋ' ಹಾಡಿನಲ್ಲಿ ಅವು ಮೊದಲೇ ಇದ್ದವು. ಬಹಳ ವರ್ಷ ಕಳೆದ ಮೇಲೆ ಇದು ಕೋರ್ಟಿಗೆ ಹೋಯಿತು. 2017ರಲ್ಲಿ ಬ್ಯಾಂಡ್ ಈ ಹಾಡನ್ನು ತನ್ನ ಪ್ರವಾಸದಿಂದ ಕೈಬಿಟ್ಟಿತ್ತು, 2018ರಲ್ಲಿ ಹಣ ಕೊಟ್ಟು ಇತ್ಯರ್ಥ ಮಾಡಿಕೊಂಡರು. ಮೊದಲ ಸಲ ಇದನ್ನು ತಿಳಿದಾಗ ನನಗೆ ತುಂಬಾ ಬೇಜಾರಾಯಿತು. ನನ್ನ ಪ್ರೀತಿಯ ಹಾಡಿನ ಕಡೆಯ ಚರಣ, ಅದನ್ನು ಬರೆದವರ ಹೆಸರಿಲ್ಲದೆ ಇಷ್ಟು ವರ್ಷ ನಡೆಯಿತಲ್ಲ ಅಂತ. ಅದು ಸರಿಯಲ್ಲ, ಆ ಮಾತು ಬೇರೆ.

ಆದರೆ ಹಾಡು ಕೇಳುವಾಗ ಅದು ನನಗೆ ಒಂದು ಬಾಗಿಲು ತೆರೆಯಿತು. ಮಾತು ಸಿಗುತ್ತಿಲ್ಲ ಎಂದವನ ಬಾಯಲ್ಲಿ ಮೊದಲು ಬಂದ ಸಮಾಧಾನ ಇನ್ನೊಬ್ಬರ ಹಾಡಿನದ್ದು. ಆಮೇಲೆ ಬಂದ ಕೂಗು ಪ್ರಾರ್ಥನೆಯದ್ದು. ಎರಡೂ ಕಡ ತಂದದ್ದೇ. ಹೆದರಿದ ಮನುಷ್ಯ ಹಾಗೇ ಮಾಡುತ್ತಾನೆ, ಯಾರೋ ಮೊದಲು ಹೇಳಿದ್ದ ಗಟ್ಟಿ ಮಾತನ್ನು ತನ್ನದು ಮಾಡಿಕೊಂಡು ಹೇಳುತ್ತಾನೆ. ಆತ್ಮ ಉಳಿಯುತ್ತದೆ ಎನ್ನುವುದು ಅವನ ನಂಬಿಕೆಯಾ ಎಂದರೆ, ಅದನ್ನು ನಂಬಬೇಕು ಎಂದು ಅವನು ತುಂಬಾ ಆಸೆಪಟ್ಟಿದ್ದ ಎಂದು ಹೇಳುತ್ತೇನೆ. ಹ್ಯಾರಿಸ್ ಹೀಗೆ ಯೋಚಿಸಿ ಬರೆದರು ಎಂದು ನನ್ನ ವಾದವಲ್ಲ. ನನಗೆ ಹಾಡು ಹೀಗೆ ಕೇಳುತ್ತದೆ.

ಪ್ರಶ್ನೆ: ಹೆವಿ ಮೆಟಲ್ ಹಾಡುಗಳಲ್ಲಿ ನನಗೆ ಒಂದು ಪದವೂ ತಿಳಿಯುವುದಿಲ್ಲ. ಸಾಹಿತ್ಯ ಕೈಯಲ್ಲಿ ಹಿಡಿದುಕೊಂಡು ಕೇಳಬೇಕಾ?

ಉತ್ತರ: ಮೊದಲ ಎರಡು ಮೂರು ಸಲ ಬೇಡ. ಹಾಗೇ ಕೇಳಿ. ಈ ಹಾಡಿನ ಮೊದಲ ಚರಣ ನಿಧಾನ, ಹಿಂದೆ ಗಂಟೆ, ಮೆಲ್ಲನೆಯ ಗಿಟಾರ್. ಅಲ್ಲಿ ಪದಗಳು ತಾವಾಗಿಯೇ ಸಿಗುತ್ತವೆ. ಮರಳಿನ ಗಡಿಯಾರದಲ್ಲಿ ಮರಳು ಕಡಿಮೆಯಾಗುತ್ತಿದೆ ಎನ್ನುವ ಸಾಲಿನ ಕೊನೆಯ ಪದವನ್ನು ಡಿಕಿನ್ಸನ್ ಉಸಿರು ಮುಗಿಯುವ ತನಕ ಎಳೆಯುತ್ತಾರೆ. ಸಮಯ ಇಲ್ಲ ಎಂದು ಹೇಳುತ್ತಲೇ ಆ ಒಂದು ಸ್ವರವನ್ನು ಬಿಡಲು ಒಪ್ಪುವುದಿಲ್ಲ. ಅದು ಅರ್ಥವಾಗಲು ಇಂಗ್ಲಿಷ್ ಬೇಕಾಗಿಲ್ಲ. ಆಮೇಲೆ ಸಾಹಿತ್ಯ ಓದಿ, ಮತ್ತೆ ಕೇಳಿ.

ಪ್ರಶ್ನೆ: ಅಮ್ಮ ತೀರಿಕೊಂಡು ಎಂಟು ತಿಂಗಳಾಯಿತು. ಕೊನೆಯ ದಿನ ಪಕ್ಕದಲ್ಲೇ ಇದ್ದೆ, ಒಂದು ಮಾತೂ ಆಡಲಾಗಲಿಲ್ಲ. ಅಳಲೂ ಇಲ್ಲ. ಈಗ ರಾತ್ರಿ ಹೊತ್ತು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನೀವು ಹೇಳಿದ ಹಾಡನ್ನೇ ಕೇಳುತ್ತೇನೆ. ಸಾವಿನ ಹಾಡು ಯಾಕೆ ಕೇಳುತ್ತೀಯ, ನಿಲ್ಲಿಸು ಎಂದು ಅಕ್ಕ ಹೇಳುತ್ತಾಳೆ. ನಿಲ್ಲಿಸಬೇಕಾ? ಹೆಸರು ಹಾಕಬೇಡಿ.

ಉತ್ತರ: ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ. ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ.

ನನ್ನ ಅಪ್ಪನ ಕೊನೆಯ ರಾತ್ರಿ ನಾನೂ ಹಾಗೇ ಕೂತಿದ್ದೆ. ಹೇಳಬೇಕಾದ್ದು ಬೆಟ್ಟದಷ್ಟು ಇತ್ತು. ಬಾಯಿಂದ ಬಂದದ್ದು ಒಂದೇ, ದಿಂಬು ಸರಿ ಮಾಡಲಾ ಅಂತ. ಅದನ್ನೇ ಎಷ್ಟು ಸಲ ಕೇಳಿದೆನೋ. ಅಪ್ಪ ತಲೆಯಾಡಿಸುತ್ತಿದ್ದರು, ನಾನು ದಿಂಬು ಸರಿ ಮಾಡುತ್ತಿದ್ದೆ, ಮತ್ತೆ ಅದೇ ಪ್ರಶ್ನೆ. ಬಹಳ ದಿನ ಆ ನೆನಪು ನನ್ನನ್ನು ಕುಕ್ಕುತ್ತಿತ್ತು. ಈ ಹಾಡನ್ನು ಹದಿನೇಳನೇ ವಯಸ್ಸಿನಿಂದ ಕೇಳುತ್ತಿದ್ದೆ, ಆದರೆ ಮಾತು ಸಿಗುತ್ತಿಲ್ಲ ಎನ್ನುವ ಆ ಸಾಲು ನನಗೆ ಕೇಳಿಸಿದ್ದು ಅಪ್ಪ ಹೋದ ಮೇಲೆಯೇ. ಅಲ್ಲಿಯವರೆಗೆ ಅದು ಸಾಯುವವನ ಮಾತಾಗಿತ್ತು. ಆವತ್ತು ಪಕ್ಕದಲ್ಲಿ ಕೂತವನ ಮಾತೂ ಆಯಿತು.

ಅದಕ್ಕೇ ಇದು ಸಾವಿನ ಹಾಡು ಎಂದು ಅಕ್ಕ ಹೇಳಿದರೆ ನನಗೆ ಅರ್ಧ ಮಾತ್ರ ಒಪ್ಪಿಗೆ. ನಾನು ಹೋದೆನೆಂದು ಚಿಂತೆ ಮಾಡಬೇಡಿ ಎಂದು ಅವನು ಹೇಳುವುದು ಯಾರಿಗೆ? ಉಳಿದವರಿಗೆ. ಅಂದರೆ ನಿಮಗೆ, ನನಗೆ, ಅಕ್ಕನಿಗೂ. ಆ ಸಾಲನ್ನು ಅಮ್ಮನ ಧ್ವನಿಯಲ್ಲಿ ಕೇಳಿಸಿಕೊಳ್ಳಬೇಡಿ ಎಂದು ಯಾರೂ ಹೇಳಲಾರರು. ನಾನು ಅಪ್ಪನ ಧ್ವನಿಯಲ್ಲಿ ಕೇಳಿಸಿಕೊಂಡಿದ್ದೇನೆ. ಅವರು ಬದುಕಿದ್ದಾಗ ಅಂಥ ಮಾತು ಆಡುವವರೇ ಅಲ್ಲ.

ಒಂದೇ ಒಂದು ವಿಷಯ ನನಗೆ ಯೋಚನೆ ತಂದಿದೆ, ಅದು ಹೆಡ್‌ಫೋನ್. ಎಂಟು ತಿಂಗಳಿಂದ ನೀವು ಒಬ್ಬರೇ ಕೇಳುತ್ತಿದ್ದೀರಿ. ಹಾಡು ಮುಗಿದ ಮೇಲೆ ಎದೆ ಹಗುರವಾಗುವ ಬದಲು ಭಾರವೇ ಆಗುತ್ತಿದ್ದರೆ, ನಿದ್ದೆ ಊಟ ಬಿಟ್ಟುಹೋಗಿದ್ದರೆ, ಡಾಕ್ಟರ ಹತ್ತಿರ ಹೋಗಿ ಮಾತಾಡಿ, ತಡ ಮಾಡಬೇಡಿ. ಹಾಗೇನೂ ಇಲ್ಲದಿದ್ದರೂ ಒಂದು ರಾತ್ರಿ ಹೆಡ್‌ಫೋನ್ ತೆಗೆದಿಟ್ಟು ಹಾಡನ್ನು ಹೊರಗೆ ಹಾಕಿ. ಕೊನೆಯ ಕೂಗು ಬಂದಾಗ ನೀವೂ ಕೂಗಿ, ಪದ ಬರದಿದ್ದರೂ ಪರವಾಗಿಲ್ಲ. ಏನಾಯಿತು ಎಂದು ಅಕ್ಕ ಬಾಗಿಲು ತೆಗೆದು ನೋಡುತ್ತಾರೆ. ಒಳಗೆ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ, ಹಾಡನ್ನು ಮತ್ತೆ ಮೊದಲಿಂದ ಹಾಕಿ, ಆ ಗಂಟೆಯ ಸದ್ದಿನಿಂದ.